ಕ್ಯಾಪ್ಚಾ ಕಾಣದವರು ತೆರಿಗೆ ಕಟ್ಟಬಾರದೇ?

ಮಾನ್ಯರೇ,

ನಮ್ಮ ಊರಿನ ಹೊಸ ತೆರಿಗೆ ಜಾಲತಾಣದ ಉದ್ಘಾಟನೆಯ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಮೊಬೈಲ್ ಮೂಲಕ ಕೇಳಿಸಿಕೊಂಡೆ. ‘ಇನ್ನು ಯಾರೂ ಕಚೇರಿಗೆ ಅಲೆಯಬೇಕಾಗಿಲ್ಲ’ ಎಂದಿದ್ದಾರೆ ಅಧಿಕಾರಿಗಳು. ನಂಬಿ ಸಂಜೆಯೇ ತೆರಿಗೆ ಕಟ್ಟಲು ಕುಳಿತೆ.

ನನಗೆ ಕಣ್ಣು ಕಾಣಿಸುವುದಿಲ್ಲ. ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶದಿಂದ ಬ್ಯಾಂಕ್ ವ್ಯವಹಾರವನ್ನೆಲ್ಲ ನಾನೇ ಮಾಡಿಕೊಳ್ಳುತ್ತೇನೆ. ಈ ತಾಣದಲ್ಲಿ ಮಾತ್ರ ಅದು ‘ಎಡಿಟ್, ಎಡಿಟ್’ ಎಂದು ಜಪ ಮಾಡಿತು. ಯಾವ ಚೌಕದಲ್ಲಿ ಹೆಸರು, ಯಾವುದರಲ್ಲಿ ಸ್ವತ್ತಿನ ಸಂಖ್ಯೆ ಎಂದು ತಿಳಿಸುವ ಲೇಬಲ್‌ಗಳನ್ನೇ ಜೋಡಿಸಿಲ್ಲ. ಊಹೆಯ ಮೇಲೆ ತುಂಬಿದೆ, ಕೊನೆಗೆ, ಚಿತ್ರದಲ್ಲಿರುವ ಅಕ್ಷರಗಳನ್ನು ನೋಡಿ ಬರೆಯಬೇಕಾದ ಕ್ಯಾಪ್ಚಾ ಎದುರಾಯಿತು. ಅದನ್ನು ಕೇಳಿಸಿಕೊಳ್ಳುವ ಸೌಲಭ್ಯ ಇಲ್ಲ. ನಾನು ಯಂತ್ರವಲ್ಲ ಎಂದು ಸಾಬೀತುಪಡಿಸಲು ಮಗಳನ್ನು ಕೂಗಿದೆ. ಅವಳು ಬರುವಷ್ಟರಲ್ಲಿ ಅವಧಿ ಮುಗಿದು ಮತ್ತೆ ಮೊದಲಿನಿಂದ! ಸಹಾಯ ಪುಟ ತೆರೆದರೆ ಸ್ಕ್ಯಾನ್ ಮಾಡಿದ ಪಿಡಿಎಫ್. ತಂತ್ರಾಂಶದ ಪಾಲಿಗೆ ಅದು ಖಾಲಿ ಹಾಳೆ. ಸುತ್ತೋಲೆಯೋ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನದು. ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಕಲಸುಮೇಲೋಗರ ಕೇಳಿಸಿತು.

ಮಾರನೆಯ ದಿನ ಆಟೊ ಹಿಡಿದು, ‘ಅಲೆಯಬೇಕಾಗಿಲ್ಲ’ ಎಂದವರ ಕಚೇರಿಗೇ ಅಲೆದೆ. ‘ಕಣ್ಣಿರುವವರನ್ನು ಕರೆತನ್ನಿ, ಇಲ್ಲವೇ ಸೈಬರ್ ಸೆಂಟರ್‌ಗೆ ಹೋಗಿ’ ಎಂಬ ಉತ್ತರ ಸಿಕ್ಕಿತು. ಅಂದರೆ ಆಧಾರ್, ಒಟಿಪಿ ಎಲ್ಲವನ್ನೂ ಗುರುತಿಲ್ಲದ ಹುಡುಗನ ಕೈಗೆ ಒಪ್ಪಿಸಬೇಕು. ಒಟಿಪಿ ಯಾರಿಗೂ ಹೇಳಬೇಡಿ ಎಂದು ಉಪದೇಶಿಸುವುದೂ ಸರ್ಕಾರವೇ ಅಲ್ಲವೇ?

ಸರ್ಕಾರಿ ಜಾಲತಾಣಗಳು ಹೇಗಿರಬೇಕೆಂಬ ಕೇಂದ್ರದ ಮಾರ್ಗಸೂಚಿ 2009ರಿಂದಲೇ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು. ಇಂಥ ನಿಯಮಗಳು ಬರೀ ಶಿಫಾರಸಾಗಿ ಉಳಿಯದೆ ಕಡ್ಡಾಯವಾಗಬೇಕು ಎಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ನವೆಂಬರ್‌ನಲ್ಲಿ. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಬದುಕುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಸಾರಿತು. ನಮ್ಮ ಕಚೇರಿಯಲ್ಲಿ ಲಿಫ್ಟ್ ಕೆಟ್ಟಿರುವುದರಿಂದ ತೀರ್ಪುಗಳು ಇನ್ನೂ ಮೇಲಿನ ಮಹಡಿ ತಲುಪಿಲ್ಲವೇನೋ.

ಲಿಫ್ಟ್ ಎಂದಾಗ ನೆನಪಾಯಿತು. ಅಲ್ಲಿಯ ಇಳಿಜಾರು ದಾರಿ ಸಿಬ್ಬಂದಿಯ ಬೈಕುಗಳಿಗೆ ಮೀಸಲು. ವಿಶ್ವ ಅಂಗವಿಕಲರ ದಿನವಾದ ಡಿಸೆಂಬರ್ 3 ಬಂತೆಂದರೆ ನಮಗೆಲ್ಲ ಶಾಲು, ಹಾರ, ಭಾಷಣ. ಕಳೆದ ಸಲ ಗಾಲಿಕುರ್ಚಿಯಲ್ಲಿದ್ದವರನ್ನು ಎತ್ತಿ ವೇದಿಕೆಗೆ ಏರಿಸಿ ಫೋಟೊ ತೆಗೆಸಿಕೊಂಡರು. ವೇದಿಕೆಗೊಂದು ಇಳಿಜಾರು ಹಾಕಿಸಲು ಯಾರಿಗೂ ತೋಚಲಿಲ್ಲ. ಅಧಿಕಾರಿ ಬದಲಾದಾಗಲೆಲ್ಲ ಉದ್ಘಾಟನೆಯೊಂದು ಹೊಸದಾಗಿ ನಡೆಯುತ್ತದೆ, ಅಷ್ಟೇ.

ಸಂಬಂಧಪಟ್ಟವರು ತಾಣವನ್ನು ಕೂಡಲೇ ಸರಿಪಡಿಸಬೇಕು. ಆಗದಿದ್ದರೆ ಅದನ್ನು ಮುಚ್ಚಿ ಹಳೆಯ ಕೌಂಟರನ್ನೇ ತೆರೆಯಲಿ, ತಪ್ಪಿತಸ್ಥರ ಮೇಲೆ ಕ್ರಮವನ್ನೂ ಜರುಗಿಸಲಿ. ಅದೂ ಸಾಧ್ಯವಿಲ್ಲವೆಂದರೆ ಈ ಮಹನೀಯರು ಕಂಪ್ಯೂಟರಿನ ಪರದೆ ಆರಿಸಿಕೊಂಡು ತಮ್ಮ ಮನೆಯ ತೆರಿಗೆಯನ್ನು ಒಮ್ಮೆ ಕಟ್ಟಿ ತೋರಿಸಲಿ. ತಡವಾದರೆ ದಂಡ ಸೇರಿಸುವ ಲೆಕ್ಕವೊಂದು ಮಾತ್ರ ಇವರ ತಾಣದಲ್ಲಿ ಎಂದೂ ಕೆಡುವುದಿಲ್ಲ.

– ಒಬ್ಬ ಅಂಧ ತೆರಿಗೆದಾರ