ಆಶ್ಲೇಷ ಮಳೆ ಕಳೆಯಿತು, ಈಗ ಥ್ಯಾಂಕ್ಸ್ ಹೇಳಬಹುದು

ಬೆಟ್ಟದ ಹಂಚಿನ ಮನೆ ರಿಪೇರಿ ಮಾಡಿಸಿದವರು ಗೃಹಪ್ರವೇಶದ ದಿನ ಯಾರಿಗೂ ಕೃತಜ್ಞತೆ ಹೇಳಬಾರದು. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ನಾಲ್ಕೂ ಹೊಯ್ದು ಮುಗಿಯಬೇಕು. ಅಷ್ಟರಲ್ಲಿ ಯಾರ ಕೆಲಸ ಎಂಥದ್ದು ಅಂತ ಮನೆಯೇ ಹೇಳಿರುತ್ತದೆ. ಬೆಂಗಳೂರಿನಿಂದ ಸುಮಾರು 220 ಕಿ.ಮೀ. ದೂರ, ಸಕಲೇಶಪುರ ದಾಟಿದ ಮೇಲೆ ಗುಡ್ಡ ಹತ್ತಿದರೆ ಸಿಗುವ ನಮ್ಮ ಐದು ಕೋಣೆಯ ಅತಿಥಿ ಮನೆ ಈ ಪರೀಕ್ಷೆ ಪಾಸಾಗಿದೆ. ಒಂದು ಕೋಣೆಯಲ್ಲೂ ಬಕೆಟ್ ಇಡಬೇಕಾಗಲಿಲ್ಲ.

ಫೋಟೋ ನೋಡಿದವರೆಲ್ಲ ಜಗಲಿಯ ದೀಪ, ಖಣದ ಕುಶನ್, ಕೆಂಪು ನೆಲ ಹೊಗಳುತ್ತಿದ್ದಾರೆ. ಸಂತೋಷ. ಆದರೆ ಈ ಬರಹ ಫೋಟೋದಲ್ಲಿ ಕಾಣದ ಕೆಲಸ ಮಾಡಿದವರಿಗೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಕೆಲಸವನ್ನಾದರೂ ಬಿಡಿಸಿ ಬರೆಯುತ್ತೇವೆ. ಇಂಥದ್ದೇ ಮನೆ ಇಟ್ಟುಕೊಂಡು ವಾರಾಂತ್ಯಕ್ಕೆ ಘಾಟಿ ಹತ್ತುವವರು ಬೆಂಗಳೂರಿನಲ್ಲಿ ಬಹಳ ಜನ ಇದ್ದೀರಿ, ನಿಮಗೂ ಉಪಯೋಗಕ್ಕೆ ಬಂದೀತು.

ಮೊದಲ ನಮಸ್ಕಾರ ಹಂಚು ಹೊದೆಸಿದವರಿಗೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯಲ್ಲಿ ಕಾರ್ಖಾನೆಗಳು ಸಾಲುಗಟ್ಟಿ ಹುಟ್ಟಿಕೊಂಡವು. ನೋಡಲು ಎಲ್ಲ ಹಂಚೂ ಒಂದೇ, ಅಚ್ಚು ಮಾತ್ರ ಬೇರೆ ಬೇರೆ. ಒಬ್ಬರ ಹಂಚಿನ ಕಾಲುವೆಗೆ ಇನ್ನೊಬ್ಬರ ಹಂಚಿನ ಅಂಚು ಸರಿಯಾಗಿ ಕೂರುವುದಿಲ್ಲ. ಒಂದೆರಡು ಮಿ.ಮೀ. ಎದ್ದು ನಿಲ್ಲುತ್ತದೆ. ನೇರ ಮಳೆಗೆ ಅಷ್ಟರಿಂದ ತೊಂದರೆಯಿಲ್ಲ. ಗಾಳಿಗೆ ಓರೆಯಾಗಿ ಹೊಡೆಯುವ ಇರಚಲು ಮಾತ್ರ ಆ ಸಂದಿನಲ್ಲೇ ಒಳಗೆ ಬರುತ್ತದೆ. ಹಳೇ ಮಾಡಿನ (ಚಾವಣಿಯ) ಮೇಲೆ ಮೂರು ಕಾರ್ಖಾನೆಯ ಹಂಚು ಬೆರೆತಿದ್ದವು, ಒಡೆದಾಗಲೆಲ್ಲ ಸಿಕ್ಕಿದ್ದನ್ನು ತುರುಕಿದ್ದರ ಫಲ. ಮೇಸ್ತ್ರಿ ಅಷ್ಟನ್ನೂ ಇಳಿಸಿ, ಹಂಚು ಮಗುಚಿ ಮುದ್ರೆ ನೋಡಿ, ಮೂರು ಗುಡ್ಡೆ ಮಾಡಿಸಿದರು. ಆಮೇಲೆ ಒಂದೊಂದನ್ನೇ ಬೆರಳ ಗೆಣ್ಣಿನಿಂದ ಬಡಿದು ನೋಡಿದರು. ಟಣ್ ಅಂದರೆ ಮಾಡಿಗೆ, ದಪ್ ಅಂದರೆ ಒಳಗೆ ಸಣ್ಣ ಬಿರುಕು, ತೋಟದ ದಾರಿಗೆ. ಮುಂದಿನ ಇಳಿಜಾರಿಗೆ ಒಂದೇ ಮುದ್ರೆಯ ಹಂಚು, ಹಿಂದಿನದಕ್ಕೆ ಇನ್ನೊಂದು, ಉಳಿದ ಮಿಶ್ರ ಮಾಲು ಸೌದೆ ಕೊಟ್ಟಿಗೆಗೆ.

ಲೆಕ್ಕ ಬೇಕಾದವರಿಗೆ: ಚದರ ಮೀಟರಿಗೆ ಸುಮಾರು 15 ಹಂಚು, ಒಂದೊಂದು ಎರಡರಿಂದ ಎರಡೂವರೆ ಕೆಜಿ. 150 ಚದರ ಮೀಟರ್ ಮಾಡು ಅಂದರೆ 2,250 ಹಂಚು, ಐದು ಟನ್ ಆಸುಪಾಸು ಭಾರ, ನೆನೆದಾಗ ಇನ್ನೂ ಹೆಚ್ಚು. ಈ ಭಾರವನ್ನು ಹೊರುವುದು ಮಾಡಿನ ಇಳಿಜಾರು ತೊಲೆಗಳಾದ ಪಕ್ಕಾಸಿನ ಮೇಲೆ ಅಡ್ಡ ಬಡಿದ ರೀಪು ಎಂಬ ಮರದ ಪಟ್ಟಿ. ರೀಪಿನಿಂದ ರೀಪಿಗೆ ಹನ್ನೆರಡೂವರೆ ಇಂಚು ಅಂತ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಮೇಸ್ತ್ರಿ ಆ ಲೆಕ್ಕ ನಂಬಲಿಲ್ಲ. ಪ್ರತಿ ಇಳಿಜಾರಿಗೂ ಅದಕ್ಕೆ ಮೀಸಲಾದ ಹಂಚನ್ನೇ ಎರಡು ಸಾಲು ಜೋಡಿಸಿ, ಅಳತೆ ಕೋಲು ಕತ್ತರಿಸಿಕೊಂಡು, ಆ ಕೋಲಿನಲ್ಲೇ ಮೇಲಿನ ತನಕ ಗುರುತು ಹಾಕಿದರು. ಅರ್ಧ ಇಂಚು ಹೆಚ್ಚಾದರೆ ಮೇಲಿನ ಹಂಚು ಕೆಳಗಿನದರ ಮೇಲೆ ಸಾಕಷ್ಟು ಹೊದೆಯುವುದಿಲ್ಲ. ಕಡಿಮೆಯಾದರೆ ಕಾಲುವೆ ಕೂರದೆ ಬಾಲ ಎತ್ತುತ್ತದೆ.

ನೆತ್ತಿಯ ಮಗುಚು ಹಂಚಿಗೆ ಗಟ್ಟಿ ಸಿಮೆಂಟ್ ಗಾರೆ ಹಾಕಿ ಅಂದವರು ನಾವೇ. ಗಟ್ಟಿ ಗಾರೆ ಬಿಸಿಲಿಗೆ ಬಿರಿಯುತ್ತದೆ, ಬಿರುಕಿನಲ್ಲಿ ಇಳಿದ ನೀರು ನೇರ ನೆತ್ತಿಯ ಮರಕ್ಕೇ ಹೋಗುತ್ತದೆ ಅಂತ ಅವರು ಒಂದು ಪಾಲು ಸಿಮೆಂಟಿಗೆ ಒಂದು ಪಾಲು ಸುಣ್ಣ, ಆರು ಪಾಲು ಮರಳು ಕಲಸಿದರು. ಎರಡು ಮಾಡು ಸೇರುವ ಕಣಿವೆಗೆ ಎರಡು ಅಡಿ ಅಗಲದ ಅಲ್ಯೂಮಿನಿಯಂ ತಗಡು ಹಾಸಿ, ಎರಡೂ ಕಡೆಯಿಂದ ಹಂಚು ನಾಲ್ಕು ಇಂಚು ಅದರ ಮೇಲೆ ಚಾಚುವಂತೆ ಕತ್ತರಿಸಿದರು. ಹಂಚಿನ ಮನೆಯಲ್ಲಿ ಸೋರುವುದು ಹೆಚ್ಚಾಗಿ ಈ ಕಣಿವೆಯಲ್ಲೇ. ಅದಕ್ಕೆ ಕಾರಣ ಹಂಚೂ ಅಲ್ಲ, ಮಳೆಯೂ ಅಲ್ಲ, ಸಿಲ್ವರ್ ಓಕ್ ಎಲೆ. ಎಲೆ ಕಟ್ಟಿಕೊಂಡು ನೀರು ಪಕ್ಕಕ್ಕೆ ಏರಿದರೆ ಯಾವ ತಗಡೂ ತಡೆಯದು. ಮೇ ಕೊನೆಗೊಮ್ಮೆ, ಜುಲೈ ನಡುವೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಏಣಿ ಹಾಕಿ ಬಾಚಿ ಕೊಟ್ಟ ತೋಟದ ಹುಡುಗನಿಗೂ ಇಲ್ಲೇ ಒಂದು ನಮಸ್ಕಾರ.

ಪಕ್ಕಾಸಿನ ತುದಿ ಗೋಡೆಯೊಳಗೆ ಹುದುಗಿರುವ ಕಡೆಯೇ ಗೆದ್ದಲು ಹತ್ತುವುದು. ಅಲ್ಲಿಗೆ ಎರಡು ಕೈ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದವರ ಅಂಗೈ ಚರ್ಮ ಸುಲಿಯದೇ ಉಳಿದದ್ದು ಕೈಗವಸಿನ ಪುಣ್ಯ. ಅದರ ವಾಸನೆ ವಾರಗಟ್ಟಲೆ ಹೋಗುವುದಿಲ್ಲ, ಆದ್ದರಿಂದ ಅತಿಥಿಗಳು ಬರುವ ಎರಡು ತಿಂಗಳು ಮೊದಲೇ ಆ ಕೆಲಸ ಮುಗಿಯಬೇಕು.

ಗೋಡೆಯ ವಿಷಯಕ್ಕೆ ಬಂದರೆ, ಸುಣ್ಣದ ಕೆಲಸ ಬಲ್ಲ ಹಿರಿಯರು ಸಿಗದಿದ್ದರೆ ನಾವೂ ಎಲ್ಲರ ಹಾಗೆ ಡ್ಯಾಂಪ್ ಪ್ರೂಫ್ ಡಬ್ಬಿಗಳಿಗೆ ದುಡ್ಡು ಸುರಿಯುತ್ತಿದ್ದೆವು. ಜಂಬಿಟ್ಟಿಗೆ ಗೋಡೆ ಮಣ್ಣಿನಿಂದ ತೇವ ಹೀರುತ್ತದೆ, ಹೀರಿದ್ದನ್ನು ಮೈಯಿಂದಲೇ ಬಿಡುತ್ತದೆ. ಹಿಂದೆ ಯಾರೋ ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಡಿದು, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದಿದ್ದರು. ಹೊರಗೆ ಬರಲಾಗದ ತೇವ ಒಳಗೊಳಗೇ ಮೂರು ನಾಲ್ಕು ಅಡಿ ಮೇಲಕ್ಕೇರಿ, ಬಣ್ಣ ದೋಸೆಯ ಹಾಗೆ ಗುಳ್ಳೆ ಎದ್ದಿತ್ತು. ಹಿರಿಯರು ನಾಲ್ಕು ಅಡಿ ಎತ್ತರದವರೆಗೆ ಸಿಮೆಂಟ್ ಕಿತ್ತು, ಸಂದುಗಳನ್ನು ಅರ್ಧ ಇಂಚು ಕೆರೆದು, ಫೆಬ್ರವರಿ, ಮಾರ್ಚ್ ಪೂರ್ತಿ ಗೋಡೆಯನ್ನು ಬೆತ್ತಲೆ ಬಿಟ್ಟರು. ಎರಡು ತಿಂಗಳು ಕೆಲಸವೇ ನಡೆಯದ ಸೈಟಿನ ಬಿಲ್ ನೋಡುವ ಧೈರ್ಯ ಬೇಕು, ಅದು ಬೇರೆ ಮಾತು. ಆಮೇಲೆ ಎರಡು ವಾರ ನೆನೆಸಿದ ಸುಣ್ಣದ ಬೆಣ್ಣೆ ಒಂದು ಪಾಲು, ತೊಳೆದ ಮರಳು ಮೂರು ಪಾಲು, ಎರಡು ತೆಳು ಪದರ. ವಾರವಿಡೀ ನೀರು ಚಿಮುಕಿಸಿ ಹಸಿಯಾಗಿಟ್ಟು, ಕೊನೆಗೆ ಹಾಲಿನಷ್ಟು ತೆಳುವಾದ ಸುಣ್ಣ ಮೂರು ಕೈ. ದಪ್ಪಗೆ ಒಂದೇ ಕೈ ಬಳಿದರೆ ಒಣಗಿದ ಮೇಲೆ ಒರಗಿದವರ ಅಂಗಿಗೆಲ್ಲ ಅಂಟುತ್ತದೆ.

ಅವರೇ ಹೊರಗಡೆ ಗೋಡೆಯ ಬುಡಕ್ಕೆ ಎರಡೂವರೆ ಅಡಿ ಅಗಲದ ಕಲ್ಲು ಹಾಸು ಹಾಕಿಸಿ, ಹೊರಮುಖವಾಗಿ ಇಳಿಜಾರು ಕೊಟ್ಟು, ಅದರಾಚೆ ಚರಂಡಿ ತೋಡಿಸಿದರು. ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಒಳಗೆ ಎಷ್ಟು ಸುಣ್ಣ ಬಳಿದರೂ ವ್ಯರ್ಥ.

ಕೆಂಪು ನೆಲದ ಬಗ್ಗೆ ಎಲ್ಲರೂ ಕೇಳುತ್ತಾರೆ, ಹೇಳುವುದು ಸ್ವಲ್ಪವೇ ಇದೆ. 50 ಕೆಜಿ ಸಿಮೆಂಟ್ ಚೀಲಕ್ಕೆ ಐದು ಕೆಜಿಗಿಂತ ಹೆಚ್ಚು ರೆಡ್ ಆಕ್ಸೈಡ್ ಹಾಕಬೇಡಿ. ಬಣ್ಣ ಗಾಢವಾಗಲಿ ಅಂತ ಹೆಚ್ಚಿಸಿದರೆ ನೆಲ ದುರ್ಬಲವಾಗಿ ಪುಡಿ ಏಳುತ್ತದೆ. ಒಂದೊಂದು ಚೌಕ ಎರಡು ಮೀಟರ್ ಮೀರದಿರಲಿ, ಇಲ್ಲದಿದ್ದರೆ ಬಿರುಕು ತನ್ನ ಗೆರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಏಳು ದಿನ ನೀರು ಕಟ್ಟಿ ನಿಲ್ಲಿಸಿ. ಇಡೀ ಹಜಾರವನ್ನು ಒಂದೇ ದಿನ ಒಂದೇ ಕೈಯಲ್ಲಿ ತೇಯ್ದು ಮುಗಿಸಿದ ಆ ಗಾರೆಯವರ ಮಣಿಗಂಟಿಗೆ ಶರಣು. ಮರುದಿನಕ್ಕೆ ಬಿಟ್ಟಿದ್ದರೆ ಜೋಡಣೆಯ ಕಲೆ ಶಾಶ್ವತ.

ಬಾಗಿಲುಗಳು ಬಂದದ್ದು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಯಿಂದ, ಹಳೇ ಹಲಸು ಮತ್ತು ಮತ್ತಿ ಮರ. ಬಡಗಿ ಅವನ್ನು ಏಪ್ರಿಲ್‌ನಲ್ಲಿ ಕೂರಿಸಿ ಸುತ್ತ ಮೂರು ನಾಲ್ಕು ಮಿ.ಮೀ. ಸಂದು ಬಿಟ್ಟರು. ಜೂನ್ ಕೊನೆಗೆ ಎರಡು ಬಾಗಿಲು ಉಬ್ಬಿ ನೆಲಕ್ಕೆ ಕಚ್ಚಿಕೊಂಡವು. ಬಂದು ಉಜ್ಜಿ ಕೊಡಿ ಅಂತ ಫೋನ್ ಮಾಡಿದರೆ ಬರಲಿಲ್ಲ. ‘ಮಳೆಯಲ್ಲಿ ಉಜ್ಜಿದ ಬಾಗಿಲಿಗೆ ಬೇಸಿಗೆಯಲ್ಲಿ ಬೆಕ್ಕು ತೂರುತ್ತದೆ, ಅಂಚಿಗೆ ಮೇಣ ಸವರಿ ಸುಮ್ಮನಿರಿ’ ಅಂದರು. ಮಳೆ ಕಡಿಮೆಯಾದ ಮೇಲೆ ಎರಡೂ ತಾವಾಗಿಯೇ ಸರಿಹೋದವು. ಬಾರದೇ ಇದ್ದುದಕ್ಕೂ ಕೃತಜ್ಞತೆ ಹೇಳುವ ಪ್ರಸಂಗ ಇದೊಂದೇ ಇರಬೇಕು.

ಎಸ್.ಪಿ. ರೋಡಿನ ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿದ್ದ ಹುಡುಗ ನಮ್ಮ ಪಟ್ಟಿ ನೋಡಿ, ಎಲ್ಲ ತಿರುಪು, ಕೀಲು, ಚಿಲಕದ ಮುಂದೆ ‘304’ ಅಂತ ಬರೆದು ವಾಪಸ್ ಕೊಟ್ಟ. ಹೊಳಪಿನ ಲೇಪ ಹಾಕಿದ ಕಬ್ಬಿಣದ ತಿರುಪು ಮಲೆನಾಡಿನಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು ಕಾರಿ ಮರದ ಮೇಲೆ ಕಪ್ಪು ಕಣ್ಣೀರು ಇಳಿಸುತ್ತದೆ. 304 ಸ್ಟೇನ್‌ಲೆಸ್ ಸ್ಟೀಲಿಗೆ ಬೆಲೆ ಹೆಚ್ಚು, ಆದರೆ ಹಿಡಿದ ತಿರುಪು ಬಿಚ್ಚಲು ಬೆಂಗಳೂರಿನಿಂದ ಹೋಗಿ ಬರುವ ಡೀಸೆಲ್ ಅದಕ್ಕಿಂತ ದುಬಾರಿ. ಕಿಟಕಿಯ ಸೊಳ್ಳೆ ಜಾಲರಿಗೂ ಇದೇ ಮಾತು.

ಪ್ಲಂಬರ್‌ಗೆ ಎರಡು ಥ್ಯಾಂಕ್ಸ್. ಬೆಂಗಳೂರಿನಿಂದ ಹನ್ನೆರಡು ಇಂಚಿನ ರೇನ್ ಶವರ್ ಹೊತ್ತುಕೊಂಡು ಹೋಗಿದ್ದೆವು. ಟ್ಯಾಂಕ್ ಇದ್ದದ್ದು ಬಚ್ಚಲಿನ ತಾರಸಿಯ ಮೇಲೆ, ಶವರಿಗಿಂತ ಮೂರು ಮೀಟರ್ ಎತ್ತರ. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಬಾರ್ ಒತ್ತಡ, ಮೂರು ಮೀಟರಿಗೆ 0.3. ಅಂಥ ಶವರ್ ಕೆಳಗೆ ನಿಂತರೆ ಸೂರಿನ ಹನಿಗೆ ತಲೆಯೊಡ್ಡಿದ ಹಾಗೆ. ಪ್ರೆಷರ್ ಪಂಪ್ ಹಾಕೋಣ ಅಂದೆವು. ‘ಹಿಂದೆ ಗುಡ್ಡ ಇಟ್ಟುಕೊಂಡು ಪಂಪ್ ಯಾಕೆ, ಕರೆಂಟ್ ಹೋದರೆ ಏನು ಮಾಡ್ತೀರಿ?’ ಅಂತ ಟ್ಯಾಂಕನ್ನೇ ಗುಡ್ಡದ ಮೇಲೆ ಹತ್ತು ಮೀಟರ್ ಎತ್ತರಕ್ಕೆ ಏರಿಸಿ, ಒಂದೂಕಾಲು ಇಂಚಿನ ಪೈಪ್ ಇಳಿಸಿದರು. ಪೈಪ್ ದಾರಿಯಲ್ಲಿ ಒಂದು ಕಡೆ ದಿಬ್ಬ ಹತ್ತಿ ಇಳಿಯುತ್ತದೆ. ಅಂಥ ದಿಬ್ಬದ ನೆತ್ತಿಯಲ್ಲಿ ಗಾಳಿ ಸೇರಿಕೊಂಡರೆ ಟ್ಯಾಂಕ್ ತುಂಬಿದ್ದರೂ ನಲ್ಲಿಯಲ್ಲಿ ಬುಸ್ ಅನ್ನುವ ಸದ್ದು ಮಾತ್ರ. ಅಲ್ಲೊಂದು ಏರ್ ವಾಲ್ವ್ ಇಟ್ಟರು. ಇನ್ನೊಂದು ಥ್ಯಾಂಕ್ಸ್, ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿಯನ್ನು ಬಾವಿಯಿಂದ 60 ಅಡಿ ಆಚೆ, ಇಳಿಜಾರಿನ ಕೆಳಗೆ ತೋಡಿಸಿದ್ದಕ್ಕೆ. ಟಾಯ್ಲೆಟ್‌ಗೆ ಆಸಿಡ್ ಸುರಿದರೆ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾ ಸತ್ತು, ತುಂಬಿದ ಮನೆಯಲ್ಲೇ ವಾಸನೆ ಏಳುತ್ತದೆ ಅಂತ ಸ್ವಚ್ಛತೆಯವರಿಗೆ ಅವರೇ ಕೂತು ವಿವರಿಸಿದರು.

ಎಲೆಕ್ಟ್ರಿಷಿಯನ್ ಮಾಡಿದ ಉಪಕಾರ ಕತ್ತಲಲ್ಲಿ ಗೊತ್ತಾಯಿತು. ಅಂಗಳದ ದೀಪ, ಜಗಲಿಯ ಸಾಕೆಟ್‌ಗಳಿಗೆ ಬೇರೆಯೇ ಒಂದು, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, 30 ಮಿಲಿಆಂಪ್ ಆರ್‌ಸಿಸಿಬಿ ಕೊಟ್ಟಿದ್ದರು. ಮಳೆಯಲ್ಲಿ ಹೊರಗಿನ ಸಾಕೆಟ್‌ಗೆ ತೇವ ಇಳಿದರೆ ಆರ್‌ಸಿಸಿಬಿ ಬೀಳುವುದು ಸಹಜ, ಬೀಳಲೇಬೇಕು. ಇಡೀ ಮನೆಗೆ ಒಂದೇ ಇದ್ದಿದ್ದರೆ ನಡುರಾತ್ರಿ ಐದೂ ಕೋಣೆ ಕತ್ತಲು. ಇನ್ವರ್ಟರ್ ಲೆಕ್ಕವೂ ಅವರದೇ: ಕಡಿಮೆ ಕರೆಂಟಿನ ಐದು ಬಿಎಲ್‌ಡಿಸಿ ಫ್ಯಾನ್, ಹನ್ನೆರಡು ಎಲ್‌ಇಡಿ, ವೈಫೈ ಸೇರಿ ಸುಮಾರು 270 ವ್ಯಾಟ್. 150 ಎಎಚ್ ಬ್ಯಾಟರಿಯೊಂದು ಕಾಗದದ ಮೇಲೆ 1.8 ಯೂನಿಟ್, ಕೈಗೆ ಸಿಗುವುದು ಒಂದೂಕಾಲರ ಹತ್ತಿರ. ಅಂದರೆ ನಾಲ್ಕೂವರೆ ಗಂಟೆ. ಗಾಳಿಗೆ ಕಂಬ ಬಿದ್ದರೆ ಲೈನ್‌ಮ್ಯಾನ್ ತಲುಪುವುದಕ್ಕೇ ಅಷ್ಟು ಹೊತ್ತು ಬೇಕು, ಹಾಗಾಗಿ ಎರಡು ಬ್ಯಾಟರಿ. ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಇಡಲು ಅವರು ಒಪ್ಪಲೇ ಇಲ್ಲ, ಹೊರಗೋಡೆಗೆ ತಗುಲಿಸಿದರು. ಕೆಂಡದ ಅಗ್ಗಿಷ್ಟಿಕೆಯೂ ಅಷ್ಟೇ, ಜಗಲಿಯಿಂದ ಒಳಗೆ ಬರಕೂಡದು. ಚಳಿ ಅಂತ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ.

ಕೊನೆಗೆ ಅಲಂಕಾರ. ಚಿಕ್ಕಪೇಟೆಯ ಟೈಲರಮ್ಮ ಗುಳೇದಗುಡ್ಡದ ಖಣಕ್ಕೆ ಒಳಗೊಂದು ಹತ್ತಿ ಗವಸು ಹೊಲಿದು, ಹಿಂದೆ ಜಿಪ್ ಬದಲು ಕಟ್ಟುವ ಲಾಡಿ ಕೊಟ್ಟರು. ತೇವಕ್ಕೆ ಜಿಪ್ ಹಿಡಿದುಕೊಳ್ಳುತ್ತದಲ್ಲ. ಪ್ರತಿ ಹಾಸಿಗೆಗೆ ಮೂರು ಜೊತೆ ಬೆಡ್‌ಶೀಟ್ ಸಾಕು ಅಂತ ನಾವಿದ್ದರೆ, ಮನೆ ನೋಡಿಕೊಳ್ಳುವ ಅಕ್ಕ ಐದು ಹಠ ಹಿಡಿದು ತರಿಸಿದರು. ಜುಲೈನಲ್ಲಿ ಒಂದು ಬೆಡ್‌ಶೀಟ್ ಒಣಗಲು ಮೂರು ದಿನ, ಅದೂ ಬಚ್ಚಲ ಒಲೆಯ ಮೇಲೆ ಕಟ್ಟಿದ ಬಿದಿರಿನ ಗಳುವಿನಲ್ಲಿ. ಮಂಚಕ್ಕೆ ಹಲಗೆ ಬೇಡ, ಪಟ್ಟಿ ಬಡಿಸಿ, ಗೋಡೆಯಿಂದ ಮೂರು ಇಂಚು ದೂರ ಇಡಿ ಅಂದವರೂ ಅವರೇ. ಹಾಸಿಗೆಯ ಅಡಿಯಲ್ಲಿ ಗಾಳಿ ಆಡದಿದ್ದರೆ ಹದಿನೈದು ದಿನಕ್ಕೆ ಬೂಷ್ಟು. ಚಳ್ಳಕೆರೆಯ ಕಂಬಳಿಗಳು ಒರಟು, ನಗರದವರಿಗೆ ಚುಚ್ಚುತ್ತವೆ. ಒಳಗೆ ಹತ್ತಿಯ ಹೊದಿಕೆ ಸೇರಿಸಿದ ಮೇಲೆ ಯಾರೂ ದೂರಿಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಗುಬುಟುಗಳು ಕಪಾಟಿಗೆ ಮಾತ್ರ. ಬಚ್ಚಲ ಬಾಗಿಲಿಗೆ ಹಾಕಿದ್ದ ಎರಡು, ಬಿಸಿನೀರಿನ ಹಬೆಗೆ ಮಂಕಾದವು. ಅದು ನಮ್ಮದೇ ತಪ್ಪು, ಕೊಟ್ಟವರು ಮೊದಲೇ ಹೇಳಿದ್ದರು.

ಗಾಜು, ಕಮೋಡು, ಹಾಸಿಗೆ ಎಲ್ಲ ಹೇರಿಕೊಂಡು ನಾಲ್ಕು ಟ್ರಿಪ್ ಹೊಡೆದ 407 ಲಾರಿಯ ಡ್ರೈವರಣ್ಣ, ಒಂದು ಗಾಜೂ ಬಿರುಕು ಬಿಟ್ಟಿಲ್ಲ. ಕನ್ನಡಿಗಳನ್ನು ಮಲಗಿಸದೆ, ಹಾಸಿಗೆಗಳ ನಡುವೆ ನಿಲ್ಲಿಸಿ ತಂದ ನಿಮ್ಮ ಉಪಾಯವನ್ನು ಆಗಲೇ ಇಬ್ಬರಿಗೆ ಹೇಳಿಕೊಟ್ಟಿದ್ದೇವೆ.

ಮೇಸ್ತ್ರಿಗೆ ಒಂದು ಮಾತು ಬಾಕಿ. ಉಳಿದ 140 ಹಂಚು ಸೌದೆ ಕೊಟ್ಟಿಗೆಯ ಒಣ ಮೂಲೆಯಲ್ಲಿವೆ, ಮಲಗಿಸಿಲ್ಲ, ನೀವು ಹೇಳಿದ ಹಾಗೆ ಅಂಚಿನ ಮೇಲೆ ನಿಲ್ಲಿಸಿದೆ. ಎರಡೂ ಮುದ್ರೆ ಬೇರೆ ಬೇರೆ ಸಾಲು, ಅಳತೆ ಕೋಲುಗಳೂ ಅಲ್ಲೇ ಗೋಡೆಗೆ ನೇತಾಡುತ್ತಿವೆ. ಏಪ್ರಿಲ್‌ನಲ್ಲಿ ಕೋತಿಗಳು ಕದಲಿಸಿದ್ದನ್ನು ನೋಡಲು ಬರುತ್ತೀರಲ್ಲ, ಆಗ ಮನೆಯವರನ್ನೂ ಕರೆತನ್ನಿ. ಮುಂದಿನ ಕೋಣೆ ಆ ವಾರ ಯಾರಿಗೂ ಕೊಟ್ಟಿಲ್ಲ.