ಬೆಕ್ಕಿಗೊಂದು ಕಿಂಡಿ ಇರಲಿ, ಚಿಲಕಕ್ಕೆ ಕೈ ಎಟುಕದಿರಲಿ

ಮಾನ್ಯ ಸಂಪಾದಕರೇ,

ಸಾಕಿದ ಬೆಕ್ಕು, ನಾಯಿಗಳು ತಮ್ಮಷ್ಟಕ್ಕೆ ಒಳಗೆ ಹೊರಗೆ ಓಡಾಡಲೆಂದು ಬಾಗಿಲಿನ ಕೆಳಭಾಗವನ್ನು ಕೊರೆದು ಕೂರಿಸುವ ಪುಟ್ಟ ಬಾಗಿಲುಗಳು, ಅಂಗಡಿಯವರ ಮಾತಿನಲ್ಲಿ ಹೇಳುವುದಾದರೆ ‘ಪೆಟ್ ಡೋರ್’ಗಳು, ಉಡುಪಿ, ಮಣಿಪಾಲದ ಹೊಸ ಮನೆಗಳಲ್ಲಿ ಈಚೆಗೆ ಅಲ್ಲಲ್ಲಿ ಕಾಣಿಸುತ್ತಿವೆ. ನಮ್ಮ ಮನೆಯ ಹಿತ್ತಿಲ ಬಾಗಿಲಿಗೂ ಎರಡು ವರ್ಷದ ಹಿಂದೆ ಅಂಥದ್ದೊಂದನ್ನು ಹಾಕಿಸಿದ್ದೇವೆ. ಅದನ್ನು ಹೊಗಳುವುದಕ್ಕೂ ದೂರುವುದಕ್ಕೂ ನನಗೆ ಕಾರಣಗಳಿರುವುದರಿಂದ, ಹಾಕಿಸಲು ಹೊರಟವರು ಆಚಾರಿಯನ್ನು ಕರೆಸುವ ಮೊದಲೇ ಯೋಚಿಸಬೇಕಾದ ಕೆಲವು ಸಂಗತಿಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಹಿಂದೆ ನಮ್ಮ ಕಡೆ ಇಂಥ ಕಿಂಡಿಯ ಅಗತ್ಯವೇ ಇರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಎದ್ದ ಹಂಚಿನ ಮನೆಗಳಲ್ಲಿ, ಗೋಡೆಯ ತಲೆಗೂ ಮಾಡಿನ ಪಕ್ಕಾಸಿಗೂ (ಹಂಚು ಹೊರುವ ಮರದ ತೊಲೆಗೂ) ನಡುವೆ ಬೆಕ್ಕು ನುಸುಳುವಷ್ಟು ಸಂದು ಇದ್ದೇ ಇರುತ್ತಿತ್ತು. ಅಟ್ಟದ ಇಲಿ ಹಿಡಿಯುವುದಕ್ಕೂ ಅದಕ್ಕೆ ಅದೇ ದಾರಿಯಾಗಿತ್ತು. ತಾರಸಿ ಮನೆ ಕಟ್ಟಿ, ಕಿಟಕಿಗಳಿಗೆ ಸೊಳ್ಳೆಯ ಜಾಲರಿ ಹೊಡೆಸಿದ ಮೇಲೆ ಆ ದಾರಿ ಮುಚ್ಚಿಹೋಗಿ, ಬೆಳಗಿನ ಜಾವ ನಾಲ್ಕಕ್ಕೆ ಬಾಗಿಲು ಪರಚುವ ಬೆಕ್ಕಿಗಾಗಿ ಏಳುವ ಕೆಲಸ ಮನೆಯವರ ಪಾಲಿಗೆ ಬಂತು. ಮೊಣಕಾಲು ನೋವಿನ ನನಗೆ ಆ ಏಳುವಿಕೆ ತಪ್ಪಿದ್ದು ಸಣ್ಣ ಉಪಕಾರವಲ್ಲ. ಹಗಲಿಡೀ ಮನೆಯಲ್ಲಿ ಯಾರೂ ಇಲ್ಲದ ಉದ್ಯೋಗಸ್ಥರಿಗಂತೂ ಇದರ ಅನುಕೂಲವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ದೂರಿನ ಮಾತು. ಕಳೆದ ಬೇಸಗೆಯಲ್ಲಿ ಒಂದು ದಿನ ನಾನು ಒಗೆದ ಬಟ್ಟೆ ಒಣಹಾಕಲು ಅಂಗಳಕ್ಕೆ ಇಳಿದಿದ್ದಾಗ ಗಾಳಿಗೆ ಎದುರಿನ ಬಾಗಿಲು ಬಡಿದುಕೊಂಡು ಬೀಗ ಬಿತ್ತು. ಕೀಲಿಕೈ ಒಳಗಿತ್ತು, ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಪಕ್ಕದ ಮನೆಯ ಒಂಬತ್ತನೇ ತರಗತಿಯ ಹುಡುಗ ಬಂದವನು ಹೆಚ್ಚೇನೂ ಯೋಚಿಸದೆ ಹಿತ್ತಿಲ ಮೆಟ್ಟಿಲ ಮೇಲೆ ಬೋರಲು ಮಲಗಿ, ಬೆಕ್ಕಿನ ಕಿಂಡಿಯೊಳಗೆ ಭುಜದವರೆಗೆ ಕೈ ತೂರಿಸಿ, ಕೆನ್ನೆಯನ್ನು ಬಾಗಿಲಿಗೆ ಒತ್ತಿ ಬೆರಳುಗಳನ್ನು ಮೇಲಕ್ಕೆ ಆಡಿಸಿದ. ಒಂದು ನಿಮಿಷವೂ ಹಿಡಿಯಲಿಲ್ಲ, ಚಿಲಕ ಸರಿದ ಸದ್ದು ಕೇಳಿತು. ಅವನಿಗೆ ಕಿತ್ತಳೆ ಷರಬತ್ತು ಮಾಡಿ ಕೊಟ್ಟು ಕಳುಹಿಸಿದೆ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ಅಳೆದು ನೋಡಿದೆ. ಕಿಂಡಿಯ ಮೇಲಂಚು ನೆಲದಿಂದ ಹದಿನಾಲ್ಕು ಇಂಚು, ಚಿಲಕ ಮೂರೂಕಾಲು ಅಡಿ. ಎರಡರ ನಡುವಿನ ಅಂತರ ಇಪ್ಪತ್ತೈದು ಇಂಚು, ಅಂದರೆ ಒಂದು ಕೈಯ ಉದ್ದದೊಳಗೆ. ಕೈಯಲ್ಲಿ ಬಗ್ಗಿಸಿದ ತಂತಿಯೋ ಕೋಲೋ ಇದ್ದರೆ ಇನ್ನೂ ದೂರಕ್ಕೆ ಎಟುಕೀತು. ಬೀಗದಲ್ಲೇ ಕೀಲಿಕೈ ಬಿಟ್ಟಿದ್ದರೆ ತಂತಿಯೂ ಬೇಡ. ಕಿಂಡಿ ಕೊರೆದ ಆಚಾರಿಗಾಗಲಿ, ಮಾರಿದ ಅಂಗಡಿಯವರಿಗಾಗಲಿ, ಹಣ ಕೊಟ್ಟ ನಮಗಾಗಲಿ ಇದು ಹೊಳೆದಿರಲಿಲ್ಲ. ಈಗ ಬಾಗಿಲಿನ ತಲೆಯಲ್ಲಿ ಇನ್ನೊಂದು ಚಿಲಕ ಹಾಕಿಸಿದ್ದೇವೆ. ಹೊಸದಾಗಿ ಮಾಡಿಸುವವರು ಹೊರಬಾಗಿಲನ್ನು ಕೊರೆಯಿಸುವ ಬದಲು, ಗ್ರಿಲ್ ಹಾಕಿದ ಹಿಂದಿನ ಜಗಲಿಗೆ ಬೆಕ್ಕನ್ನು ಬಿಡುವಂತೆ ಗೋಡೆಯಲ್ಲಿ ಚಿಲಕದಿಂದ ದೂರ ಒಂದು ಕಿಂಡಿ ಇಡಿಸಿದರೆ ಒಳ್ಳೆಯದು.

ನಾಯಿಯ ಕಿಂಡಿಯ ಲೆಕ್ಕವೇ ಬೇರೆ. ಲ್ಯಾಬ್ರಡಾರ್ ಜಾತಿಯ ನಾಯಿ ಸಲೀಸಾಗಿ ಹಾಯುವ ಕಿಂಡಿಯಲ್ಲಿ ಸಪೂರ ಮೈಯ ಮನುಷ್ಯ ಹಾಯಬಲ್ಲ. ಅಲ್ಲದೆ ಆ ಅಳತೆಯ ಕಿಂಡಿ, ಒಳಗೆ ಎಷ್ಟು ದೊಡ್ಡ ನಾಯಿಯಿದೆ ಎಂಬುದನ್ನು ಹೊರಗಿನವರಿಗೆ ತಾನೇ ಹೇಳುತ್ತದೆ. ಅದನ್ನು ನೋಡಿಯೇ ಕಳ್ಳ ಹೆದರುತ್ತಾನೆ ಎನ್ನುವವರೂ ಇದ್ದಾರೆ, ನಾಯಿಯನ್ನು ಜೊತೆಗೆ ಕರೆದುಕೊಂಡು ಮನೆಯವರು ಊರಿಗೆ ಹೋಗಿದ್ದಾಗ ಯಾರಿಗೆ ಹೆದರುತ್ತಾನೋ ನಾನರಿಯೆ. 2024ರ ಜುಲೈಯಲ್ಲಿ ಮಂಗಳೂರಿನ ವೃದ್ಧ ದಂಪತಿಯ ಮನೆಗೆ ಕಳ್ಳರ ತಂಡವೊಂದು ಕಿಟಕಿಯ ಸರಳು ಕತ್ತರಿಸಿ ನುಗ್ಗಿದ್ದನ್ನು ಓದುಗರು ಮರೆತಿರಲಾರರು. ಸರಳನ್ನೇ ಕತ್ತರಿಸುವವರಿಗೆ ಕಿಂಡಿಯ ಪ್ಲಾಸ್ಟಿಕ್ಕಿನ ಮುಚ್ಚಳ ಒಂದು ಅಡ್ಡಿಯಲ್ಲ.

ಕಳ್ಳರಿಗಿಂತ ಹೆಚ್ಚಾಗಿ ನಮ್ಮನ್ನು ಕಾಡಿದ್ದು ಮಳೆಗಾಲ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಈ ಜಿಲ್ಲೆಯಲ್ಲಿ, ಪಡುವಣ ಗಾಳಿಗೆ ಮುಖಮಾಡಿದ ಕಿಂಡಿಯಿಂದ ನೀರು ಒಳಗೆ ಎರಚುತ್ತದೆ, ಕೊರೆದ ಅಂಚಿಗೆ ಬಣ್ಣ ಬಳಿಯದಿದ್ದರೆ ಬಾಗಿಲು ನೀರು ಕುಡಿದು ಉಬ್ಬುತ್ತದೆ, ಕಬ್ಬಿಣದ ತಿರುಪುಗಳು ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತವೆ. ಅದು ಹಾಗಿರಲಿ. ಮಳೆಗಾಲದ ಆಟಿ ತಿಂಗಳ ರಾತ್ರಿಗಳಲ್ಲಿ ದೀಪದ ಬೆಳಕಿಗೆ ಹುಳ, ಹುಳಕ್ಕೆ ಕಪ್ಪೆ, ಕಪ್ಪೆಯ ಹಿಂದೆ ಹಾವು ಬರುವುದು ನಮಗೆ ಹೊಸತಲ್ಲ. ಮುಚ್ಚಳವನ್ನು ಹಿಡಿದಿಡುವ ಅಡಿಯ ಅಯಸ್ಕಾಂತ ದುರ್ಬಲವಾಗಿದ್ದರೆ, ಇಲ್ಲವೇ ಮುಚ್ಚಳ ಬಿಸಿಲಿಗೆ ಸೊಟ್ಟಗಾಗಿದ್ದರೆ, ಉಳಿಯುವ ಬೆರಳಗಲದ ಸಂದು ಹಾವಿಗೆ ಧಾರಾಳವಾಗಿ ಸಾಕು. ವಿಷದ ಕಟ್ಟುಹಾವು ರಾತ್ರಿ ಸಂಚರಿಸುವಂಥದ್ದು. ನೆಲದ ಮೇಲೆ ಮಲಗಿದವರಿಗೆ ಅದು ಕಚ್ಚಿದ್ದು ಎಷ್ಟೋ ಬಾರಿ ಗೊತ್ತೇ ಆಗುವುದಿಲ್ಲ.

ಕಿಂಡಿ ಎಷ್ಟೇ ಗಟ್ಟಿಯಾಗಿದ್ದರೂ ಬೆಕ್ಕೇ ಹೊತ್ತು ತರುವುದನ್ನು ಅದು ತಡೆಯಲಾರದು. ಹೋದ ವರ್ಷ ನಮ್ಮ ಬೆಕ್ಕು ಒಂದು ಒಳ್ಳೆಹಾವಿನ ಮರಿಯನ್ನು ಜೀವಂತವಾಗಿ ತಂದು ಅಡುಗೆಮನೆಯಲ್ಲಿ ಬಿಟ್ಟು, ಬಾಲ ಸುತ್ತಿಕೊಂಡು ಕುಳಿತು ನನ್ನ ಮುಖ ನೋಡುತ್ತಿತ್ತು. ಹಾವಿಗೆ ವಿಷವಿಲ್ಲವಾದರೂ ಅದನ್ನು ಮೊರದ ಅಡಿಯಿಂದ ಹೊರಗೆ ಸಾಗಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಬೆಕ್ಕಿನ ಭುಜಗಳ ನಡುವೆ ಚರ್ಮದಡಿಯಲ್ಲಿಟ್ಟ ಅಕ್ಕಿಕಾಳಿನಷ್ಟು ಗಾತ್ರದ ಚಿಪ್‌ನ ಹದಿನೈದು ಅಂಕಿಯ ಸಂಖ್ಯೆಯನ್ನು ಓದಿ, ಆ ಬೆಕ್ಕಿಗೆ ಮಾತ್ರ ತೆರೆದುಕೊಳ್ಳುವ ಬ್ಯಾಟರಿಯ ಕಿಂಡಿಗಳೂ ಈಗ ಸಿಗುತ್ತವೆ. ಬೀದಿಯ ಬೆಕ್ಕುಗಳನ್ನೂ ಹೆಗ್ಗಣಗಳನ್ನೂ ತಡೆಯಲು ಅವು ಉತ್ತಮ, ಇಲಿಜ್ವರದ ಭಯವಿರುವ ನಮ್ಮ ಊರಿಗೆ ಅದು ದೊಡ್ಡ ಮಾತೇ ಸರಿ. ಆದರೆ ಬಾಯಲ್ಲಿ ಇಲಿ ಕಚ್ಚಿಕೊಂಡು ಬಂದ ಬೆಕ್ಕಿಗೂ ಅವು ಅಷ್ಟೇ ಮರ್ಯಾದೆಯಿಂದ ತೆರೆದುಕೊಳ್ಳುತ್ತವೆ.

ಊರ ಹೊರಗೆ, ಗುಡ್ಡದ ಬುಡದಲ್ಲಿ ಮನೆ ಇರುವವರು ನಾಯಿಯ ಕಿಂಡಿಯನ್ನು ಸಂಜೆಯೇ ಮುಚ್ಚಬೇಕು. 2021ರ ಫೆಬ್ರವರಿಯಲ್ಲಿ ಕಡಬ ತಾಲ್ಲೂಕಿನ ಬಿಳಿನೆಲೆಯಲ್ಲಿ ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ, ಮನೆಯೊಂದರ ಶೌಚಾಲಯದಲ್ಲಿ ನಾಯಿಯೊಂದಿಗೇ ಗಂಟೆಗಟ್ಟಲೆ ಸಿಕ್ಕಿಕೊಂಡಿತ್ತು. ನಾಯಿ ಬದುಕಿತು, ಚಿರತೆ ಮಾಡಿನ ಮೂಲಕ ಪಾರಾಯಿತು. ಹೆದರಿದ ನಾಯಿ ಓಡುವುದು ತಾನು ಬಲ್ಲ ಬಾಗಿಲಿಗೇ ಎಂಬುದನ್ನು ಮಾತ್ರ ಇಲ್ಲಿ ನೆನಪಿಸುತ್ತಿದ್ದೇನೆ.

ಇಂಥ ಕಿಂಡಿಗಳಲ್ಲಿ ಹೆಚ್ಚಿನವಕ್ಕೆ ಒಳಗೆ ಮಾತ್ರ, ಹೊರಗೆ ಮಾತ್ರ, ಎರಡೂ ಕಡೆ, ಪೂರ್ತಿ ಬಂದ್ ಎಂದು ನಾಲ್ಕು ಬಗೆಯ ತಡೆ ಇರುತ್ತದೆ. ನಮಗೆ ಅದು ತಿಳಿದದ್ದು ಹಾಕಿಸಿ ಎಂಟು ತಿಂಗಳಾದ ಮೇಲೆ, ರಜೆಯಲ್ಲಿ ಬಂದ ಮಗ ಪೆಟ್ಟಿಗೆಯೊಳಗಿದ್ದ ಇಂಗ್ಲಿಷ್ ಚೀಟಿಯನ್ನು ಓದಿ ಹೇಳಿದಾಗ. ಮಾರುವವರು ಈ ತಡೆಯ ಬಳಕೆಯನ್ನೂ, ಕಿಂಡಿಗೂ ಚಿಲಕಕ್ಕೂ ಕನಿಷ್ಠ ನಾಲ್ಕು ಅಡಿ ಅಂತರವಿರಬೇಕೆಂಬುದನ್ನೂ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡಬೇಕೆಂದೂ, ಆಚಾರಿಗಳು ಗರಗಸ ಎತ್ತಿಕೊಳ್ಳುವ ಮೊದಲು ಚಿಲಕ ಎಲ್ಲಿದೆಯೆಂದು ಒಮ್ಮೆ ನೋಡಬೇಕೆಂದೂ ಕೋರುತ್ತೇನೆ.

ಇತಿ,
ನಿವೃತ್ತ ಶಿಕ್ಷಕಿ,
ಕುಂಜಿಬೆಟ್ಟು, ಉಡುಪಿ