ಮೊದಲು ಪುಸ್ತಕ, ಆಮೇಲೆ ಡ್ರಿಲ್

ನಮ್ಮ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ವ್ಯಾನಿನ ಒಳಗಿನ ಕೆಲಸವನ್ನು ಗಾಡಿ ಬಂದ ದಿನವೇ ಶುರು ಮಾಡುವುದಿಲ್ಲ. ಸೀಟು ಬಿಚ್ಚುವುದಿರಲಿ, ನೆಲಕ್ಕೆ ಪ್ಲೈವುಡ್ ಹಾಕುವುದಿರಲಿ, ಮೊದಲು ಆ ಗಾಡಿಯ ರಿಪೇರಿ ಪುಸ್ತಕ ಮತ್ತು ವೈರಿಂಗ್ ನಕ್ಷೆ ನಮ್ಮ ಕೈಗೆ ಬರಬೇಕು. ಅದಕ್ಕೆ ಎರಡು ಮೂರು ದಿನ ಜಾಸ್ತಿ ಹಿಡಿಯುತ್ತದೆ. ಹುಡುಕಿ, ಓದಿ, ಗಾಡಿಯ ಮೇಲೆ ಗುರುತು ಹಾಕುವುದಕ್ಕೆ 800 ರೂಪಾಯಿ ಬೇರೆ.

"ಇಷ್ಟು ವರ್ಷ ಪುಸ್ತಕ ಇಲ್ಲದೆ ಮಾಡಿಲ್ವಾ ಮಾರಾಯ್ರೆ?" ಎಂದು ನೀವು ಕೇಳಬಹುದು. ಮಾಡಿದ್ದೇವೆ. ಕಳೆದ ಮಳೆಗಾಲದಲ್ಲಿ ಅದಕ್ಕೆ ದಂಡವನ್ನೂ ಕಟ್ಟಿದ್ದೇವೆ.

ತೀರ್ಥಹಳ್ಳಿ ಕಡೆಯ ಹೋಮ್‌ಸ್ಟೇಯವರೊಬ್ಬರ ವ್ಯಾನಿಗೆ ಹೊಸ ನೆಲ ಹಾಕಿ, ಮ್ಯಾಟ್ ಅಂಟಿಸಿ ಕೊಟ್ಟೆವು. ಎರಡು ವಾರಕ್ಕೆ ಫೋನ್ ಬಂತು. ಬ್ರೇಕ್ ಲೈಟ್ ಉರಿಯುತ್ತಿಲ್ಲ. ಹೊಸ ಫ್ಯೂಸ್ ಹಾಕಿದರೆ ಉರಿಯುತ್ತದೆ, ಜನ ತುಂಬಿಕೊಂಡು ಆಗುಂಬೆ ಘಾಟಿ ಇಳಿಯುವಾಗ ಮತ್ತೆ ಹೋಗುತ್ತದೆ. ನಮ್ಮಲ್ಲಿ ತಂದು ನಿಲ್ಲಿಸಿದರೆ ಎಲ್ಲ ಸರಿ! ಸ್ವಿಚ್ ಬದಲಿಸಿದೆವು, ಬಲ್ಬ್ ಹೋಲ್ಡರ್ ಬದಲಿಸಿದೆವು. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಮ್ಯಾಟ್ ಕಿತ್ತೆವು. ಎಡಗಡೆ ಬಾಗಿಲ ಹತ್ತಿರ ನಾವೇ ಹೊಡೆದ ಸ್ಕ್ರೂ, ಅದರ ಪಕ್ಕದಲ್ಲೇ ಹಿಂದಿನ ಲೈಟಿಗೆ ಹೋಗುವ ವೈರಿನ ಕಟ್ಟು. ಒಂದು ವೈರಿನ ಸಿಪ್ಪೆ ಉಗುರಿನಷ್ಟು ಸುಲಿದಿತ್ತು. ಜನ ಹತ್ತಿ ಪ್ಲೈವುಡ್ ಬಾಗಿದಾಗ ಮಾತ್ರ ಒಳಗಿನ ತಾಮ್ರ ಸ್ಕ್ರೂಗೆ ತಾಗುತ್ತಿತ್ತು. ಆಗ ಬ್ರೇಕ್ ಒತ್ತಿದರೆ ಫ್ಯೂಸ್ ಸುಡುತ್ತಿತ್ತು.

ಆಮೇಲೆ ನಕ್ಷೆ ತರಿಸಿ ನೋಡಿದರೆ ಆ ವೈರಿನ ದಾರಿ ಅದರಲ್ಲಿ ದಪ್ಪ ಗೆರೆಯಲ್ಲೇ ಇತ್ತು. ನಾಲ್ಕು ಬೆರಳು ಈಚೆ ಸ್ಕ್ರೂ ಹೊಡೆದಿದ್ದರೆ ಮುಗಿದಿತ್ತು. ಅವರಿಂದ ಒಂದು ಪೈಸೆ ತೆಗೆದುಕೊಳ್ಳಲಿಲ್ಲ ನಿಜ. ಆದರೆ ಆ ಮಂಜಿನಲ್ಲಿ ಬ್ರೇಕ್ ಲೈಟ್ ಇಲ್ಲದೆ ಘಾಟಿ ಇಳಿದಿದ್ದಾರಲ್ಲ, ನೆನೆದರೆ ಈಗಲೂ ಹೊಟ್ಟೆಯಲ್ಲಿ ತಳಮಳ.

ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿರುವ ಪುಸ್ತಕ ಸಾಕಾಗುವುದಿಲ್ಲ. ಅದು ಓಡಿಸುವವರಿಗೆ. ನಮಗೆ ಬೇಕಾದದ್ದು ಮೆಕ್ಯಾನಿಕ್‌ಗಳಿಗೆಂದು ಕಂಪನಿ ಮಾಡಿದ ಸರ್ವಿಸ್ ಮ್ಯಾನ್ಯುಯಲ್. ಅದನ್ನು ಹುಡುಕಲು ಆರ್‌ಸಿ ಪ್ರತಿ ಮತ್ತು 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಕೊಡಿ. ಬರೀ ಗಾಡಿಯ ಹೆಸರು ಹೇಳಿದರೆ ಆಗುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಹೊಗೆ ನಿಯಮ ಕಡ್ಡಾಯವಾದ ಮೇಲೆ ಅದೇ ಹೆಸರಿನ ಗಾಡಿಯಲ್ಲೂ ವೈರಿಂಗು, ಸೈಲೆನ್ಸರ್ ಬದಲಾಗಿವೆ. ಡೀಸೆಲ್ ಗಾಡಿಯ ಡಿಪಿಎಫ್ ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಆ ಮಸಿಯನ್ನು ಸುಡುವಾಗ ಅದರೊಳಗೆ ಸುಮಾರು 600 ಡಿಗ್ರಿ ಬಿಸಿ ಇರುತ್ತದೆ. ಅದು ಯಾವ ಜಾಗದ ಕೆಳಗಿದೆ ಎಂದು ತಿಳಿಯದೆ ಮೇಲೆ ಫೋಮ್ ಅಂಟಿಸುವುದು ಹೇಗೆ? ಕೆಲವರು ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತಾರೆ. ಚೆನ್ನಾಗಿಯೇ ಇರುತ್ತದೆ, ಆದರೆ ಅದರಲ್ಲಿ ಸ್ಟೇರಿಂಗ್ ಎಡಗಡೆ ಇರುತ್ತದೆ!

ಏರ್‌ಬ್ಯಾಗ್ ಇದ್ದರಂತೂ ಪುಸ್ತಕ ಇಲ್ಲದೆ ಸೀಟು ಮುಟ್ಟುವುದೇ ಇಲ್ಲ. ಏರ್‌ಬ್ಯಾಗಿನ ವೈರಿಗೆ ಇರುವ ಹಳದಿ ಕನೆಕ್ಟರ್ ಕಂಡರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಸುಮ್ನೆ ಮೀಟರ್ ಹಚ್ಚಿ ನೋಡೋಣ ಅನ್ನುವ ಜಾಗ ಅದಲ್ಲ, ಏರ್‌ಬ್ಯಾಗ್ ಸಿಡಿದೀತು.

ನಮ್ಮ ಮಲೆನಾಡಿಗೆ ಇನ್ನೊಂದು ವಿಷಯ. ಬಾಗಿಲುಗಳ ತಳದಲ್ಲಿ ನೀರು ಇಳಿದುಹೋಗಲು ತೂತುಗಳಿರುತ್ತವೆ. ಚಳಿ, ಸದ್ದು ಬರಬಾರದೆಂದು ಒಳಗೆ ಫೋಮ್ ತುಂಬಿ ಅವನ್ನು ಮುಚ್ಚಿದರೆ ಆಗಸ್ಟ್ ಹೊತ್ತಿಗೆ ಬಾಗಿಲೊಳಗೇ ನಾಟಿ ಮಾಡಬಹುದು. ತುಕ್ಕು ಹೊರಗೆ ಕಾಣುವಷ್ಟರಲ್ಲಿ ತಗಡು ಹೋಗಿರುತ್ತದೆ.

ಸೀಟು ತೆಗೆಯುವವರು, ಸೇರಿಸುವವರು ಮೊದಲು ಆರ್‌ಟಿಒ ಅನುಮತಿ ತನ್ನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ತಾಳೆ ತಪ್ಪುವಂತೆ ನಮ್ಮಿಷ್ಟಕ್ಕೆ ಬದಲಾಯಿಸುವ ಹಾಗಿಲ್ಲ.

ಮ್ಯಾನ್ಯುಯಲ್ ನೀವೇ ತಂದುಕೊಟ್ಟರೆ 800ರಲ್ಲಿ ಅರ್ಧ ಬಿಡುತ್ತೇವೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಶುರು ಮಾಡಿದ 'ರೈಟ್ ಟು ರಿಪೇರ್' ಪೋರ್ಟಲ್‌ನಲ್ಲಿ ವಾಹನ ಕಂಪನಿಗಳೂ ಇವೆ, ಅಲ್ಲಿಂದ ಹುಡುಕಲು ಶುರು ಮಾಡಬಹುದು. ಪರದೆ, ಸೀಟ್ ಕವರ್‌ನಂಥ ಸಣ್ಣ ಕೆಲಸಕ್ಕೆ ಇದೆಲ್ಲ ಬೇಡ, ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರುವ ಗಾಡಿ ಬಿಟ್ಟು. ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೆಯ ರೇಟೇ. ಪುಸ್ತಕ ಮಾತ್ರ ಅವರ ಗಾಡಿಗೂ ನೋಡುತ್ತೇವೆ.

ಹಿಂದೆ ನಮ್ಮಲ್ಲಿ ನೆಲ ಹಾಕಿಸಿಕೊಂಡವರು ಮಳೆ ಹಿಡಿಯುವ ಮೊದಲು ಒಂದು ದಿನ ಗಾಡಿ ತನ್ನಿ. ಮ್ಯಾಟ್ ಎತ್ತಿ, ಸ್ಕ್ರೂಗಳನ್ನು ನಕ್ಷೆಯ ಜೊತೆ ಇಟ್ಟು ನೋಡಿ ಕೊಡುತ್ತೇವೆ. ಅದಕ್ಕೆ ದುಡ್ಡಿಲ್ಲ.

ಇಂತಿ,
ನಿಮ್ಮ ವರ್ಕ್‌ಶಾಪಿನವರು
ಶಿವಮೊಗ್ಗ